ಗಾಜಿನ ಕಪಾಟಿನ ಚೀಟಿ

ಹನೌಸೆಕ್ ಶುಕ್ರವಾರ ಸಂಜೆ ಹೆಂಡತಿಯ ಕನ್ನಡಕ ಹಾಕಿಕೊಂಡು ಒಂದು ಕಲ್ಲು ಒಡೆದ. ತಾಪತ್ರಯ ಶುರುವಾದದ್ದು ಅಲ್ಲಿಂದ.

ಲಿಟಾವ್ಕಾ ಹೊಳೆಯ ದಂಡೆಯ ಆ ಊರಿನಲ್ಲಿ ಭಾನುವಾರ ಸುತ್ತಿಗೆ ಹಿಡಿದು ಗುಡ್ಡ ಹತ್ತದ ಗಂಡಸರು ಕಡಿಮೆ. ಐವತ್ತು ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಹರಿದಾಡಿಕೊಂಡಿದ್ದ ಟ್ರೈಲೊಬೈಟ್ ಎಂಬ ಹುಳ ಅಲ್ಲಿ ಕಲ್ಲಾಗಿ ಕೂತಿದೆ. ಪದರಗಲ್ಲಿಗೆ ಸರಿಯಾಗಿ ಏಟು ಬಿದ್ದರೆ ಅದು ಪುಸ್ತಕದ ಹಾಗೆ ಎರಡಾಗಿ ತೆರೆಯುತ್ತದೆ. ಒಂದು ಹೋಳಿನಲ್ಲಿ ಹುಳ ಉಬ್ಬಿಕೊಂಡಿರುತ್ತದೆ, ಇನ್ನೊಂದರಲ್ಲಿ ಅದರ ಅಚ್ಚಿನ ಗುಳಿ. ಶನಿವಾರ ಬೆಳಗ್ಗೆ ತನ್ನದೇ ಕನ್ನಡಕದಲ್ಲಿ ನೋಡಿದಾಗ, ತಾನು ಜೋಪಾನ ಮಾಡಿದ್ದು ಗುಳಿಯನ್ನು, ಬೇಲಿ ಪಕ್ಕದ ರಾಶಿಗೆ ಎಸೆದದ್ದು ಹುಳವನ್ನು ಎಂದು ಹನೌಸೆಕ್‌ಗೆ ಗೊತ್ತಾಯಿತು. ಅಂಗೈಯಗಲದ ಹುಳ. ಮೂವತ್ತೊಂದು ವರ್ಷದಲ್ಲಿ ಅಷ್ಟು ದೊಡ್ಡದು ಅವನಿಗೆ ಸಿಕ್ಕಿರಲಿಲ್ಲ.

ಓಡಿಹೋಗಿ ನೋಡಿದರೆ ರಾಶಿಯೇ ಇಲ್ಲ.

"ಪಕ್ಕದ್ಮನೆ ವ್ಲಸ್ತಾ ಕೇಳಿದ್ರು, ಕೊಟ್ಟೆ," ಎಂದಳು ಹೆಂಡತಿ ಓಲ್ಗಾ, ಹಿಟ್ಟು ನಾದುತ್ತಾ. "ತೋಟದಲ್ಲಿ ಕಲ್ಲುಗುಡ್ಡ ಕಟ್ಟಿ ಹೂವಿನ ಗಿಡ ನೆಡ್ತಾರಂತೆ. ಕಸ ಅಂತ ನೀವೇ ಅಂದಿದ್ರಲ್ಲ."

ಅಂದೇ ನಾಲ್ಕಕ್ಕೆ ಊರಿನ ಕಲ್ಲು ಹುಡುಕುವವರ ಸಂಘದ ಅಧ್ಯಕ್ಷ ಕುದೆಲಾ ಬರುವವರಿದ್ದರು. ವರ್ಷಕ್ಕೆ ಒಂದೇ ಕಲ್ಲನ್ನು ಆರಿಸಿ, ಸಿಕ್ಕಿದವರ ಹೆಸರಿನ ಚೀಟಿಯ ಜೊತೆ ಊರ ಸಭಾಂಗಣದ ಗಾಜಿನ ಕಪಾಟಿನಲ್ಲಿಡುವುದು ಪದ್ಧತಿ. ಆ ಕಪಾಟಿನ ಅಷ್ಟೂ ಚೀಟಿಗಳನ್ನು ಬರೆದವನು ಹನೌಸೆಕ್. ರೈಲ್ವೆಯಲ್ಲಿ ನಿಲ್ದಾಣಗಳ ಫಲಕ ಬರೆದು ಪಳಗಿದ ಕೈ. ಅವನ ಹೆಸರಿನ ಚೀಟಿ ಮಾತ್ರ ಅಲ್ಲಿ ಒಂದೂ ಇರಲಿಲ್ಲ. ಸಾಯುವುದರೊಳಗೆ ಒಂದು ಸಲ ತನ್ನ ಹೆಸರು ಬರೆಯಬೇಕು ಎಂಬುದು ಬಿಟ್ಟರೆ ಅವನಿಗೆ ಬೇರೆ ಆಸೆ ಇರಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳಿ ಕೇಳುವಂತಿರಲಿಲ್ಲ. ವ್ಲಸ್ತಾ ಅಧ್ಯಕ್ಷರ ನಾದಿನಿ, ತಮ್ಮನ ಹೆಂಡತಿ. ಗುಟ್ಟು ಗೊತ್ತಾದರೆ ಹುಳ ಆಕೆಯ ಹೆಸರಿನಲ್ಲೇ ಕಪಾಟು ಸೇರುವುದು ಖಂಡಿತ.

"ಆ ಕಲ್ಲು ಸರಿಯಿಲ್ಲ ವ್ಲಸ್ತಾ ಅವ್ರೆ," ಎಂದ ಬೇಲಿಯ ಮೇಲಿಂದ. "ಚಳಿಗಾಲಕ್ಕೆ ಪುಡಿಯಾಗಿ ಗಿಡದ ಬೇರೆಲ್ಲ ಕೊಳೆಯುತ್ತೆ. ನಾನೇ ವಾಪಸ್ ತಗೊಂಡು ಹೋಗ್ತೀನಿ."

"ಐದಕ್ಕೇ ಎದ್ದು ಜೋಡಿಸಿದೀನಿ. ಈಗ ಗಿಡಾನ ಗಾಳೀಲಿ ನೆಡ್ಲಾ?"

"ಬದಲಿಗೆ ಗಟ್ಟಿ ಕಲ್ಲು ಕೊಡ್ತೀನಿ."

"ಕೊಟ್ರೆ ಸಾಲ್ದು. ಜೋಡಿಸ್ಲೂಬೇಕು."

ಅವನ ಶೆಡ್ಡಿನಲ್ಲಿ ಎರಡು ವರ್ಷದಿಂದ ಒಡೆಯದೆ ಬಿದ್ದಿದ್ದ ಗಟ್ಟಿ ಕಲ್ಲುಗಳಿದ್ದವು. ಗಟ್ಟಿ ಕಲ್ಲಿನಲ್ಲಿ ಹುಳ ಇರುವುದಿಲ್ಲ ಎಂಬುದು ಹನೌಸೆಕ್‌ನ ದೃಢವಾದ ಅಭಿಪ್ರಾಯ. ಅದರ ಮೇಲೆ ಸಂಘದಲ್ಲಿ ಒಮ್ಮೆ ಭಾಷಣವನ್ನೂ ಮಾಡಿದ್ದ.

ಹನ್ನೊಂದು ಸಲ ತಳ್ಳುಗಾಡಿ ತಳ್ಳಿದ. ಮೂರನೆಯ ಸಲಕ್ಕೆ ಚಕ್ರ ಕಳಚಿತು, ಆರನೆಯ ಸಲಕ್ಕೆ ಪ್ಯಾಂಟು ಹರಿಯಿತು. ಅಷ್ಟರಲ್ಲಿ ಎದುರುಮನೆಯ ಲೋಯ್ಜಾ, ಅಗ್ನಿಶಾಮಕ ದಳದಿಂದ ನಿವೃತ್ತನಾದವನು, ಬಿಯರ್ ಲೋಟ ಹಿಡಿದು ಉಸ್ತುವಾರಿಗೆ ಬಂದು ನಿಂತ.

"ಎಡಕ್ಕೆ ವಾಲಿದೆ," ಎಂದ. "ನಮ್ಮ ದಳದಲ್ಲಿ ಹೀಗೆ ಕೆಲಸ ಮಾಡಿದ್ರೆ ಊರೇ ಸುಟ್ಟು ಹೋಗ್ತಿತ್ತು."

"ಅದೇನು, ಒಂದೊಂದು ಕಲ್ಲಿಗೂ ಮೂಗು ತಾಗಿಸಿ ನೋಡ್ತೀರಿ?" ಎಂದು ಕೇಳಿದಳು ವ್ಲಸ್ತಾ.

"ಇರುವೆ ಇದ್ಯಾ ಅಂತ."

ಬೇಕಾದ ಕಲ್ಲು ಎಲ್ಲಕ್ಕಿಂತ ಕೆಳಗಿತ್ತು. ಮೂರೂವರೆಗೆ ಅದು ಕೈಗೆ ಸಿಕ್ಕಾಗ ಹನೌಸೆಕ್‌ನ ಕಣ್ಣಲ್ಲಿ ನೀರು ಬಂತು. ಧೂಳು ಎಂದು ಹೇಳಿದ. ಮನೆಗೆ ತಂದು ತೊಳೆದು ಗುಳಿಯ ಹೋಳಿನ ಪಕ್ಕ ಇಟ್ಟ. ತಲೆಯಿಂದ ಬಾಲದವರೆಗೆ ಒಂದು ಅಂಚೂ ಮುಕ್ಕಾಗಿರಲಿಲ್ಲ. ಬಿಳಿ ಬಟ್ಟೆ ಹಾಸಿ, ಶಾಯಿ ಕುಂಚ ತೆಗೆದಿಟ್ಟು, ಬಾಗಿಲ ಕಡೆ ಮುಖ ಮಾಡಿ ಕೂತ.

ಅಧ್ಯಕ್ಷರು ಮೊದಲು ನಾದಿನಿಯ ಮನೆಗೆ ಕಾಫಿಗೆ ಹೋಗಿ, ಐದಕ್ಕೆ ಬಂದರು. ಹಿಂದೆ ವ್ಲಸ್ತಾ, ಮಡಿಲಲ್ಲಿ ಏನೋ ಭಾರ. ಅವಳ ಹಿಂದೆ ಲೋಯ್ಜಾ, ಕೈಯಲ್ಲಿ ಸುತ್ತಿಗೆ.

ಕುದೆಲಾ ಬಟ್ಟೆಯ ಮೇಲಿದ್ದುದನ್ನು ಬಹಳ ಹೊತ್ತು ನೋಡಿದರು. "ಭಾರೀ ಚೆನ್ನಾಗಿದೆ ಕಣಯ್ಯ. ಇಂಥದ್ದು ನಾನು ಕಂಡೇ ಇಲ್ಲ. ಅಂದ್ರೆ, ಅರ್ಧ ಗಂಟೆ ಹಿಂದಿನ ತನಕ ಕಂಡಿರ್ಲಿಲ್ಲ."

"ಎಡಕ್ಕೆ ವಾಲಿದೆ ಅಂತ ಹೇಳಿದ್ನಲ್ಲ," ಎಂದ ಲೋಯ್ಜಾ. "ಒಂದು ಕಲ್ಲಿನ ಮೂಲೆ ತೆಗೆದು ಸಮ ಮಾಡೋಣ ಅಂತ ಒಂದೇ ಒಂದು ಏಟು ಹಾಕ್ದೆ."

ವ್ಲಸ್ತಾ ಮಡಿಲು ಬಿಚ್ಚಿದಳು. ಗಟ್ಟಿ ಕಲ್ಲು. ಅದರಲ್ಲಿ ಎರಡು ಹುಳಗಳು, ಒಂದೊಂದೂ ಬಟ್ಟೆಯ ಮೇಲಿದ್ದದ್ದಕ್ಕಿಂತ ದೊಡ್ಡದು, ಗಂಡ ಹೆಂಡತಿ ಮಲಗಿದಂತೆ ಅಕ್ಕಪಕ್ಕ ಮಲಗಿದ್ದವು.

"ಅದು ನನ್ನ ಕಲ್ಲು," ಎಂದ ಹನೌಸೆಕ್.

"ಹೌದು, ನಿಮ್ಮದೇ ಆಗಿತ್ತು," ಎಂದಳು ವ್ಲಸ್ತಾ ಮನಸ್ಸು ತುಂಬಿ. "ಕಸದ ಕಲ್ಲೆಲ್ಲ ನೀವಿಟ್ಕೊಂಡು ಒಳ್ಳೇದು ನಂಗೆ ಕೊಟ್ರಿ. ಇಂಥ ನೆರೆಯವ್ರು ಎಷ್ಟು ಜನಕ್ಕೆ ಸಿಗ್ತಾರೆ, ಹೇಳಿ ಭಾವ."

ಅಧ್ಯಕ್ಷರು ತಲೆಯಾಡಿಸಿದರು. "ನಿನ್ನದು ಮುಂದಿನ ವರ್ಷ ನೋಡೋಣ. ಇದಕ್ಕಿಂತ ದೊಡ್ಡದು ಯಾರಿಗೂ ಸಿಗದೆ ಇದ್ರೆ. ಕುಂಚ ತೆಗೆದಿಟ್ಟಿದೀಯಲ್ಲ, ಒಳ್ಳೇದಾಯ್ತು. ಚೀಟಿ ಈಗ್ಲೇ ಬರೆದುಬಿಡು."

ಹನೌಸೆಕ್ ಬರೆದ: 'ವ್ಲಸ್ತಾ ಕುದೆಲೋವಾ ಅವರಿಗೆ ತಮ್ಮ ಸ್ವಂತ ತೋಟದಲ್ಲಿ ದೊರೆತದ್ದು.' ಶಾಯಿ ಆರುವ ತನಕ ಎಲ್ಲರೂ ಬಗ್ಗಿ ನೋಡಿದರು. ಇಡೀ ಕಪಾಟಿನಲ್ಲಿ ಅಷ್ಟು ಅಂದವಾದ ಚೀಟಿ ಇನ್ನೊಂದಿಲ್ಲ ಎಂದರು ಅಧ್ಯಕ್ಷರು.