ಪ್ರಿನ್ಸಿಪಾಲರ ಅಮೆರಿಕನ್ ಕೋಣ

ಸಂಜೆ ಐದೂಕಾಲಿಗೆ ಕಪಾಟಿನ ಬಾಗಿಲು ತೆರೆದೆ. ನನ್ನ ಎಡವಟ್ಟುಗಳು ಸಾಮಾನ್ಯವಾಗಿ ಬೆಳಿಗ್ಗೆಯೇ ಶುರುವಾಗುತ್ತವೆ. ಅಂದು ನಾನು ಕಾಲೇಜಿನಿಂದ ಬರುವವರೆಗೆ ಕಾದದ್ದು ಅವುಗಳ ಸೌಜನ್ಯ. ನೀಲಿ ಮಖಮಲ್ಲಿನ ಪೆಟ್ಟಿಗೆಯಲ್ಲಿ ಗುಳಿ ಐದು, ನಾಣ್ಯ ನಾಲ್ಕು. ಪರರ ವಸ್ತುವನ್ನು ಕಾಯುವುದಕ್ಕಿಂತ ಪರರ ಕೂಸನ್ನು ಕಾಯುವುದು ಸುಲಭ. ಕೂಸು ಅಳುತ್ತದೆ, ಎಲ್ಲಿದೆಯೆಂದಾದರೂ ತಿಳಿಯುತ್ತದೆ.

ಪೆಟ್ಟಿಗೆ ನಮ್ಮ ಪ್ರಿನ್ಸಿಪಾಲರದು. ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಬಾಗಲಕೋಟೆಯಲ್ಲಿ ಹೊಸ ಅಧ್ಯಾಪಕ, ನೌಕರಿ ಕಾಯಂ ಆಗುವ ಕಾಗದ ಅವರ ಮೇಜಿನ ಮೇಲೆ ಸಹಿಗಾಗಿ ಬಿದ್ದಿತ್ತು. ಅವರು ತಮ್ಮ ಮನೆಗೆ ಸುಣ್ಣ ಹೊಡೆಸಲು ಬಿಟ್ಟು ಹುನಗುಂದದ ನೆಂಟರಲ್ಲಿಗೆ ಹೋಗುವಾಗ, ಧೂಳು ತಾಗಬಾರದೆಂದು ೧೯೩೬ರ ಅಮೆರಿಕದ ಪ್ರೂಫ್ ನಾಣ್ಯಗಳ ಸೆಟ್ಟನ್ನು ನನ್ನ ಕೈಗಿತ್ತರು. ಪ್ರೂಫ್ ನಾಣ್ಯವೆಂದರೆ ಅಂಗಡಿಗೆ ಹೋಗಲು ಹುಟ್ಟಿದ್ದಲ್ಲ; ನೋಡಲೆಂದೇ ಹೊಳಪಿನ ಅಚ್ಚಿನಲ್ಲಿ ಒತ್ತಿ ತೆಗೆದದ್ದು, ಕನ್ನಡಿಯಂತಿರುತ್ತದೆ. "ಬೆರಳು ಹಚ್ಚಬ್ಯಾಡ್ರಿ. ಅರಿವಿಲೆ ಒರಸಬ್ಯಾಡ್ರಿ. ಎದುರಿಗೆ ಉಸರೂ ಬಿಡಬ್ಯಾಡ್ರಿ" ಎಂದರು. ನಾನು ಅಲ್ಲಿಯೇ ಉಸಿರು ಬಿಗಿಹಿಡಿದು ತೋರಿಸಿದೆ.

ಇಷ್ಟು ದೊಡ್ಡ ಜವಾಬ್ದಾರಿ ಬಂದ ಮೇಲೆ ಮನೆಯಲ್ಲಿ ತೋರಿಸದಿರಲು ಸಾಧ್ಯವೇ? ನಮ್ಮವ್ವ ಕುಳಗೇರಿ ಕ್ರಾಸಿನ ಕಡೆಯವಳು, ದನಕರುಗಳ ನಡುವೆ ಬೆಳೆದವಳು. ಅಧ್ಯಕ್ಷರು, ದೇವತೆಗಳು, ಹದ್ದುಗಳು ಇದ್ದ ನಾಲ್ಕು ನಾಣ್ಯಗಳನ್ನು ದಾಟಿ ಅವಳ ಕಣ್ಣು ಐದನೆಯದರ ಮೇಲೆ ನಿಂತಿತು. ಅದರಲ್ಲಿ ಗೂನು ಬೆನ್ನಿನ ಕಾಡುಕೋಣವೊಂದು ತಲೆ ತಗ್ಗಿಸಿ ನಿಂತಿತ್ತು.

"ಈ ಕ್ವಾಣ ಮುಂದ ದಪ್ಪ, ಹಿಂದ ಸಣ್ಣ. ಮೇವು ಸಾಲವಲ್ದು."

"ಅದರ ಜಾತೀನ ಹಂಗವ್ವಾ. ಅಮೆರಿಕಾದಾಗ ಲಕ್ಷಗಟ್ಟಲೆ ಇದ್ದೂವಂತ. ಗುಂಡು ಹಾಕಿ ಕೊಂದು ಮುಗಿಸ್ಯಾರ."

"ಕೊಂದು, ಆಮ್ಯಾಲ ರೊಕ್ಕದ ಮ್ಯಾಲ ಚಿತ್ರ ತಗದಾರ?"

ಇತಿಹಾಸದಲ್ಲಿ ಎಂ.ಎ. ಮಾಡಿದ ನಾನು ಇದಕ್ಕೆ ಉತ್ತರ ಹುಡುಕುತ್ತಿರುವಾಗ ಅವ್ವ, "ಪಾಪ, ಅದಕ್ಕ ಒಂದ್ ಪೂಜಿಲ್ಲ, ಏನಿಲ್ಲ" ಎಂದು ಒಳಗೆ ಹೋದಳು. ಆ ಮಾತಿಗೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಮರುದಿನ ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆ.

ಈಗ ಖಾಲಿ ಗುಳಿಯ ಮುಂದೆ ನಿಂತು ಹೆಂಡತಿಯನ್ನು ಕೂಗಿದೆ. ಅವಳು ಹಿಟ್ಟಿನ ಕೈಯಲ್ಲೇ ಬಂದು, "ಅತ್ತಿಯವ್ರು ಪೂಜಿ ಮುಗಿಸಿ ಮಣ್ಣೆತ್ತು ಬಿಡಾಕ ಹೊಳಿಗೆ ಹ್ವಾದ್ರಲ್ರಿ" ಎಂದಳು.

"ಏನೇನ್ ಒಯ್ದಾಳ?"

"ಎರಡ ಎತ್ತು, ಮೇವಿನ ಗ್ವಾದಲಿ, ಮತ್ತ ನಿಮ್ಮ ಸಾಹೇಬ್ರ ಕ್ವಾಣ. ಗ್ವಾದಲಿ ಮಣ್ಣಾಗ ಚಂದಾಗಿ ನಿಂದ್ರಿಸಿದ್ರು. ತುಪ್ಪದ ಕಡಬು ಹಿಡದ್ರು, ಬೀರಪ್ಪನ ಭಂಡಾರ ಹಚ್ಚಿದ್ರು. ನಿಮಗ ಹೇಳಿಲ್ಲೇನು?"

ನಾನು ಘಟಪ್ರಭೆಯ ಕಡೆಗೆ ಓಡಿದೆ. ಬಾಗಲಕೋಟೆಯಲ್ಲಿ ಅಧ್ಯಾಪಕನೊಬ್ಬ ಓಡುವುದು ದಿನನಿತ್ಯದ ನೋಟವಲ್ಲ. ಚಹಾದಂಗಡಿಯವನು, "ಸರ, ಒಂದ್ ಕಪ್ ಚಾ ಕುಡದು ಓಡ್ರೆಲ್ಲ" ಎಂದ. ಎದುರು ಬಂದ ವಿದ್ಯಾರ್ಥಿಯೊಬ್ಬ ಇಂಟರ್ನಲ್ ಅಂಕಗಳ ಬಗ್ಗೆ ವಿಚಾರಿಸುತ್ತ ಸ್ವಲ್ಪ ದೂರ ಜೊತೆಗೇ ಓಡಿದ. ನನ್ನ ತಲೆಯಲ್ಲಿದ್ದುದು ಒಂದೇ ಚಿತ್ರ: ಹೊಳೆಯ ತಳದಲ್ಲಿ ಕೆಸರಿನ ಮೇಲೆ ಕೋಣ, ಅದರ ಪಕ್ಕದಲ್ಲಿ ನನ್ನ ಕಾಯಂ ಕಾಗದ.

ಅವ್ವ ಒಂದು ಕೈಯಲ್ಲಿ ಕೋಣ ಹಿಡಿದು ಮೊಳಕಾಲುದ್ದ ನೀರಿನಲ್ಲಿದ್ದಳು. ಎತ್ತುಗಳು ಆಗಲೇ ಕರಗಿಹೋಗಿದ್ದವು. ವಿವರಿಸುವಷ್ಟು ಉಸಿರು ನನ್ನಲ್ಲಿರಲಿಲ್ಲ. "ಅವ್ವಾ, ನೌಕರಿ" ಎಂದಷ್ಟೇ ಕೂಗಿದೆ.

"ನಿನ್ನ ನೌಕರಿ ಹೊಳ್ಯಾಗ ಐತೇನು?"

"ಕ್ವಾಣ ಮುಳಗಸಬ್ಯಾಡ."

"ರೊಕ್ಕ ಯಾರರ ಹೊಳಿಗೆ ಒಗೀತಾರೇನೋ ಹುಚ್ಚಪ್ಪಾ? ಮೈ ತೊಳಸಿ ಮನಿಗೆ ಹೊಡ್ಕೊಂಡ್ ಬರ್ತೇನಿ."

ಸಮಾಧಾನದ ಉಸಿರು ಅರ್ಧ ಬಿಟ್ಟಿದ್ದೆ. ಆಗ ಅವಳ ಇನ್ನೊಂದು ಕೈ ಕಂಡಿತು. ಅದರಲ್ಲಿ ಒಂದು ಹಿಡಿ ತೆಂಗಿನ ನಾರಿತ್ತು. ಎಮ್ಮೆಯ ಬೆನ್ನು ತಿಕ್ಕುವ ಹಾಗೆ ತಿಕ್ಕಲು ಅವಳು ನಾರನ್ನು ಎತ್ತಿಯೂ ಆಗಿತ್ತು. ನಾರಿಗೂ ಕೋಣದ ಗೂನಿಗೂ ನಡುವೆ ಎರಡು ಬೆರಳಿನ ಜಾಗ. ಚಪ್ಪಲಿ, ಪ್ಯಾಂಟು, ವಾಚು ಸಮೇತ ನೀರಿಗೆ ಹಾರಿ ಕೋಣವನ್ನು ಕಸಿದುಕೊಂಡೆ. ಮುಂದೆ ಎಷ್ಟೋ ರಾತ್ರಿ ಆ ನಾರು ನನ್ನ ಕಣ್ಣ ಮುಂದೆ ಇಳಿಯುತ್ತಲೇ ಇತ್ತು. ನಾನು ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದೆ, ಹೆಂಡತಿ "ಕ್ವಾಣ ಕಪಾಟಿನ್ಯಾಗ ಐತ್ರಿ, ಮಲಕೋರಿ" ಎನ್ನುತ್ತಿದ್ದಳು.

ಐತೇನೋ ನಿಜ, ಆದರೆ ಹಳದಿಯಾಗಿತ್ತು. ತುಪ್ಪದ ಜಿಡ್ಡಿಗೆ ಭಂಡಾರದ ಅರಿಶಿನ ಹತ್ತಿಕೊಂಡು ಗೂನಿನ ಕೂದಲ ಸಂದುಗಳಲ್ಲಿ ಕೂತಿತ್ತು. ಒರೆಸೋಣವೆಂದರೆ ಒರೆಸಬಾರದೆಂದು ಅಪ್ಪಣೆಯಾಗಿದೆ. ನೀರು ಸುರಿದೆ, ಹೋಗಲಿಲ್ಲ. ಹಾಗೆಯೇ ಗುಳಿಯಲ್ಲಿಟ್ಟೆ.

ಪ್ರಿನ್ಸಿಪಾಲರು ಹುನಗುಂದದಿಂದ ಬಂದವರೇ ಭೂತಗನ್ನಡಿ ಹಿಡಿದು ಕೂತರು. ನಾಲ್ಕು ನಾಣ್ಯ ದಾಟಿದರು. ಕೋಣದ ಮೇಲೆ ಭೂತಗನ್ನಡಿ ನಿಂತಿತು. ನಾನು ಮನಸ್ಸಿನಲ್ಲೇ ಬೇರೆ ಊರಿನ ಕಾಲೇಜುಗಳನ್ನು ನೆನೆಯತೊಡಗಿದೆ. ಬಾದಾಮಿಯಲ್ಲಿ ಗೈಡ್ ಆಗುವುದೂ ಗೌರವದ ಕೆಲಸವೇ ಎನಿಸಿತು.

"ಮಾಸ್ತರ್ರ," ಎಂದರು ಮೆಲ್ಲಗೆ, "ಹೊಂಬಣ್ಣ ಏರೈತಿ ನೋಡ್ರಿ. ವಯಸ್ಸಾದ ನಾಣ್ಯಕ್ಕ ಇದು ತಾನ ಬರಬೇಕು, ತರಸಾಕ ಬರೂದಿಲ್ಲ. ನಮ್ಮನ್ಯಾಗ ಇಷ್ಟ ವರ್ಷ ಇಟ್ರೂ ಏರಲಿಲ್ಲ. ನಿಮ್ಮ ಕಪಾಟಿನ ಹವಾ ಭಾಳ ಚೊಲೋ ಐತಿ."

ಕಾಗದಕ್ಕೆ ಅಂದೇ ಸಹಿ ಬಿತ್ತು. ಜೊತೆಗೆ ೧೯೩೭ರ ಸೆಟ್ಟೂ ನನ್ನ ಮನೆಗೆ ಬಂತು, ಹವಾ ಕುಡಿಯಲು. ಅದರಲ್ಲೂ ಒಂದು ಕೋಣವಿತ್ತು. ಅವ್ವ ಬಗ್ಗಿ ನೋಡಿ, "ಜೋಡಿ ಆತು ಬಿಡು" ಎಂದಳು. ಅಂದಿನಿಂದ ಕಪಾಟಿನ ಕೀಲಿ ದಿಂಬಿನ ಕೆಳಗೆ, ದಿಂಬಿನ ಮೇಲೆ ಕಣ್ಣು ತೆರೆದ ನಾನು.

ಕೊನೆಗೆ ಪ್ರಿನ್ಸಿಪಾಲರಿಗೆ ಇಳಕಲ್ಲಿಗೆ ವರ್ಗವಾಯಿತು. ಎರಡೂ ಪೆಟ್ಟಿಗೆ ಹಿಂತಿರುಗಿಸಿದೆ. ಬೀಳ್ಕೊಡುಗೆಯ ಸಭೆಯಲ್ಲಿ ಅವರು, ಪುರಾತನ ವಸ್ತುಗಳ ಸಂರಕ್ಷಣೆಯ ಬಗ್ಗೆ ನಾಲ್ಕು ಮಾತಾಡಲು ನನಗಿಂತ ಯೋಗ್ಯರಿಲ್ಲವೆಂದು ನನ್ನನ್ನೇ ಎಬ್ಬಿಸಿ ನಿಲ್ಲಿಸಿದರು. ಉಷ್ಣತೆ, ತೇವಾಂಶ, ಗಾಳಿಯ ಸಂಚಾರ ಎಂದು ಮುಕ್ಕಾಲು ತಾಸು ಮಾತಾಡಿದೆ. ಮಾತು ಮುಗಿಸಿ ನೋಡಿದರೆ ಮುಂದಿನ ಸಾಲಿನವರಿಂದ ಹಿಡಿದು ಎಲ್ಲರೂ ಗಾಢ ನಿದ್ದೆಯಲ್ಲಿದ್ದರು. ಅಂದು ರಾತ್ರಿ ನಾನೂ ಎಚ್ಚರವಿಲ್ಲದೆ ಮಲಗಿದೆ. ಆ ಭಾಷಣವನ್ನು ಪೂರ್ತಿ ಕೇಳಿಸಿಕೊಂಡವನು ನಾನೊಬ್ಬನೇ ಅಲ್ಲವೇ?