ಪರಸಪ್ಪ ಹೋದದ್ದು

೧೯೬೨ನೆಯ ಇಸವಿಯಲ್ಲಿ ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರವಿದ್ದ ವಿಮಾ ಕಚೇರಿಗೆ ಒಬ್ಬ ಏಜೆಂಟರು ಬೇಕಾಗಿದ್ದರು ಎಂಬುದು ದಾಖಲೆಯಲ್ಲಿರುವ ಸಂಗತಿ. ಗಿರಣಿ ಮಾಲೀಕರನ್ನು ಕಂಡು, ಅವರ ಎಲ್ಲ ಆಳುಗಳಿಗೂ ಒಟ್ಟಿಗೇ ವಿಮೆ ಮಾಡಿಸುವಂತೆ ಒಪ್ಪಿಸುವುದು ಆ ಏಜೆಂಟರ ಕೆಲಸ. ಮಾತು ಬಲ್ಲವರೇ ಬೇಕಾದ್ದರಿಂದ ಮೇಲಿನ ಕಚೇರಿ ಒಂದು ನಿಯಮ ಮಾಡಿತ್ತು: 'ಸಂದರ್ಶನದಲ್ಲಿ ಅಭ್ಯರ್ಥಿಯು ಆಡಿದ ಕೊನೆಯ ಮಾತನ್ನು ಬರೆದುಕೊಂಡು, ಅದರಂತೆ ಕ್ರಮ ಜರುಗಿಸತಕ್ಕದ್ದು.'

ತಿಕೋಟಾದ ಪರಸಪ್ಪ ಮಾತಿನ ಮಲ್ಲ. ಬಬಲೇಶ್ವರದ ಶಾಂತಪ್ಪ, ನೌಕರಿಯಾದರೆ ಮಾತ್ರ ಮಗಳು ಸಕ್ರವ್ವನನ್ನು ಕೊಡುವುದಾಗಿ ಇವನಿಗೆ ಹೇಳಿದ್ದ. ಇಲ್ಲವಾದರೆ ಬಸ್ ಕಂಡಕ್ಟರನೊಬ್ಬ ತಯಾರಾಗಿ ಕೂತಿದ್ದ. ಸಕ್ರವ್ವನ ಮೇಲೆ ಜೀವ ಇಟ್ಟುಕೊಂಡಿದ್ದ ಪರಸಪ್ಪ, ಮ್ಯಾನೇಜರ್ ಸಾಹೇಬರ ಪ್ರಶ್ನೆಗಳಿಗೆಲ್ಲ ಪಟಪಟ ಉತ್ತರ ಕೊಟ್ಟು, ಕೈಮುಗಿದು, "ಬರ್ತೇನ್ರಿ ಸಾಹೇಬ್ರ" ಎಂದು ಎದ್ದ.

ಗುಮಾಸ್ತ ಮಶಾಕಸಾಬ ಅದನ್ನೇ ಬರೆದ. 'ಬರುತ್ತೇನೆ ಎಂದಿರುವುದರಿಂದ ಸಂದರ್ಶನ ಮುಗಿದಿಲ್ಲ. ಬರುವವರೆಗೆ ಕಾಯತಕ್ಕದ್ದು' ಎಂದು ಮೇಲಿನಿಂದ ಆದೇಶ ಬಂತು. ಪರಸಪ್ಪ ಬಂದ. ಹೊರಡುವಾಗ ಮತ್ತೆ "ಬರ್ತೇನ್ರಿ" ಅಂದ. ಹೀಗೆ ಹನ್ನೊಂದು ಸಲ ಆಯಿತು.

"ಒಂದ ಸಲ ಹೋಗ್ತೇನಿ ಅಂದ ಬಿಡೋ ಯಪ್ಪಾ," ಎಂದ ಮಶಾಕಸಾಬ.

"ಹೊಂಟಾಗ ಹಂಗ ಅನಬಾರದ್ರಿ. ಅದೂ ವಿಮಾ ಆಫೀಸಿನ್ಯಾಗ!"

ಅಷ್ಟರಲ್ಲಿ ಕಂಡಕ್ಟರನ ಕಡೆಯವರು ಹೆಣ್ಣು ನೋಡಲು ಬರುವ ದಿನ ಗೊತ್ತಾಯಿತು. ಪರಸಪ್ಪ ಮತ್ತೆ ಕಚೇರಿಗೆ ಧಾವಿಸಿದ. ಹನ್ನೆರಡನೆಯ ಸಲ ಕಣ್ಣು ಮುಚ್ಚಿ "ಹೋಗ್ತೇನ್ರಿ" ಎಂದೇ ಬಿಟ್ಟ.

ಮಶಾಕಸಾಬ ಬರೆದ: 'ಶ್ರೀ ಪರಸಪ್ಪನವರು ಹೋದರು.'

ವಿಮಾ ಕಡತದಲ್ಲಿ ಹೋಗುವುದಕ್ಕೆ ಒಂದೇ ಅರ್ಥ. ವಾರದೊಳಗೆ ಉತ್ತರ ಬಂತು: 'ಸಂದರ್ಶನ ಮುಗಿದು ಆಯ್ಕೆಯಾದ ದಿನವೇ ತೀರಿಕೊಂಡ ಶ್ರೀ ಪರಸಪ್ಪನವರಿಗೆ ಕಚೇರಿಯ ಸಂತಾಪ. ಸದರಿ ಹುದ್ದೆಯನ್ನು ಅನುಕಂಪದ ಆಧಾರದ ಮೇಲೆ ಅವರ ವಿಧವೆಗೆ ಕೊಡತಕ್ಕದ್ದು.' ತಪ್ಪು ತಿದ್ದಿಸಬೇಕೆಂದರೆ ಮೃತರೇ ಖುದ್ದಾಗಿ ಅರ್ಜಿ ಕೊಡಬೇಕು, ಆದರೆ ಮೃತರ ಅರ್ಜಿ ತೆಗೆದುಕೊಳ್ಳಲು ನಿಯಮವಿಲ್ಲ ಎಂದು ಮ್ಯಾನೇಜರ್ ಸಾಹೇಬರು ಮೃತರನ್ನೇ ಕೂಡ್ರಿಸಿಕೊಂಡು ತಿಳಿಹೇಳಿದರು.

ಪರಸಪ್ಪ ಆ ಕಾಗದ ಹಿಡಿದು ಬಬಲೇಶ್ವರಕ್ಕೆ ಓಡಿದ. ಶಾಂತಪ್ಪ ಅದನ್ನು ಎರಡು ಸಲ ಓದಿಸಿಕೊಂಡ.

"ನೌಕರಿ ಪಕ್ಕಾ ಐತೇನು?"

"ಪಕ್ಕಾ ಐತ್ರಿ. ಆದ್ರ ನನಗಲ್ಲ, ನನ್ನ ಹೇಣ್ತಿಗಿ. ನಾ ಹೋಗೇನಂತ್ರಿ."

"ಬೇಷಾತು ಬಿಡು. ಆ ಕಂಡಕ್ಟರ ಇನ್ನೂ ಇದ್ದಾನ. ಅವ ಹೋಗೂ ತನಕಾ ಯಾರ ಕಾಯಬೇಕು?"

ಮುಂದಿನ ಸೋಮವಾರವೇ ಅಕ್ಷತೆ ಬಿತ್ತು. ತಲೆ ತುಂಬ ಹೂ, ಕೈ ತುಂಬ ಹಸಿರು ಬಳೆ ತೊಟ್ಟ ಸಕ್ರವ್ವ, ವಿಧವೆ ಎಂದಿದ್ದ ಜಾಗದಲ್ಲಿ ಸಹಿ ಹಾಕಿ ಕೆಲಸಕ್ಕೆ ಸೇರಿದಳು. ದಿವಂಗತನಿಗಾದ ಸಂತೋಷ ಹೇಳತೀರದು.

ಮರುದಿನ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಅರಳೆ ಗಿರಣಿಯ ಮಾಲೀಕರಾದ ಅಬ್ದುಲಗನಿ ಸಾಹೇಬರನ್ನು ಕಾಣಲು ಹೋದರು. ಸಾಹೇಬರು ಚಹಾ ತರಿಸಿದರು.

"ಇವರ ಯಾರವ್ವಾ?"

"ಹೋದ ನಮ್ಮ ಮನಿಯವರ್ರಿ," ಎಂದಳು ಸಕ್ರವ್ವ. "ಅವರು ಹೋಗಿದ್ದಕ್ಕ ನನಗ ನೌಕರಿ ಆತ್ರಿ. ನಿಮ್ಮ ಆಳಗೋಳಿಗೂ ವಿಮಾ ಮಾಡಸ್ರಿ."

ಸಾಹೇಬರು ಪರಸಪ್ಪನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಅವನು ಎರಡನೆಯ ಕಪ್ ಚಹಾ ಕುಡಿಯುತ್ತಿದ್ದ.

"ಇಷ್ಟ ಆರಾಮ ಹೋಗೂದಿದ್ರ," ಎಂದರು ಸಾಹೇಬರು, "ಮೊದಲ ನನ್ನ ಹೆಸರ ಬರಕೋ ತಾಯಿ. ಆಳಗೋಳ ಆಮ್ಯಾಲ ಹೋಗ್ಲಿ."