ಕಾಮಾ ಕಲಿಸಲು ಹೋಗಿ

ಬೆಟಗೇರಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ನಾನು ಇಂಗ್ಲಿಷ್ ವ್ಯಾಕರಣ ಕಲಿಸುತ್ತೇನೆ. ಪರೀಕ್ಷೆ ಅವರಿಗೆ, ಎದೆ ಧಸಕ್ಕೆನ್ನುವುದು ನನಗೆ. ಹಾಗೆ ಆಗದ ವಾರವೇ ಇಲ್ಲ.

೧. ದೊಡ್ಡ ಅಕ್ಷರ

ಇಲಾಖಾ ಪರೀಕ್ಷೆಗೆ ಓದುತ್ತಿದ್ದ ಹಿರಿಯ ಅಟೆಂಡರ್ ಒಬ್ಬರು ಮುಂಡರಗಿಯಿಂದ ಬರುತ್ತಿದ್ದರು. 'ನಾನು' ಎನ್ನುವ 'ಐ' ವಾಕ್ಯದಲ್ಲಿ ಎಲ್ಲೇ ಬಂದರೂ ದೊಡ್ಡ ಅಕ್ಷರದಲ್ಲೇ ಬರೆಯಬೇಕು ಎಂದೆ.

"ಮತ್ತ 'ನೀನು' ಅನ್ನೂದಕ್ಕರಿ?"

"ನಡುವ ಬಂದ್ರ ಸಣ್ಣ ಅಕ್ಷರ ಸಾಕ್ರಿ."

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಮೂವತ್ತು ವರ್ಷದಿಂದ ನಮ್ಮ ಆಫೀಸಿನ್ಯಾಗ ಹಿಂಗ ನಡದೈತ್ರಿ ಮೇಡಂ. ಅದು ವ್ಯಾಕರಣ ಅಂತ ಇವತ್ತ ಗೊತ್ತಾತು!"

೨. ತಪ್ಪಿಲ್ಲ

ವಾಕ್ಯದಲ್ಲಿ ತಪ್ಪು ಹುಡುಕುವ ಪ್ರಶ್ನೆಗಳಿಗೆ ಕೊನೆಯ ಆಯ್ಕೆ 'ತಪ್ಪಿಲ್ಲ' ಎಂದಿರುತ್ತದೆ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ ಲಕ್ಷ್ಮೇಶ್ವರದ ಹೊಸ ಸೊಸೆಯೊಬ್ಬಳು ಇಪ್ಪತ್ತಕ್ಕೆ ಇಪ್ಪತ್ತೂ ಪ್ರಶ್ನೆಗೆ ಅದನ್ನೇ ಗುರುತು ಹಾಕಿದ್ದಳು. ಆಕೆಯನ್ನು ಹತ್ತಿರ ಕರೆದೆ.

"ಅಲ್ಲವಾ, 'ಹಿ ಗೋ' ಅಂತ ಐತಿ. ಇದರಾಗೂ ನಿನಗ ತಪ್ಪು ಕಾಣಲಿಲ್ಲೇನು?"

"ಎಲ್ಲಾದ್ರಾಗೂ ಕಂಡೈತ್ರಿ ಮೇಡಂ."

"ಮತ್ತ?"

"ಲಗ್ನಾಗಿ ಮೂರು ತಿಂಗಳಾತ್ರಿ. ಕಂಡರೂ 'ತಪ್ಪಿಲ್ಲ' ಅನ್ನೂದು ರೂಢಿ ಆಗೇತ್ರಿ."

೩. ಮಾಲೆ

ರಜೆ ಬೇಕಾದವರು ಇಂಗ್ಲಿಷಿನಲ್ಲೇ ಮೆಸೇಜು ಕಳಿಸಬೇಕು ಎಂದು ನಾನೇ ನಿಯಮ ಮಾಡಿದ್ದೆ. ಒಂದು ಬೆಳಿಗ್ಗೆ ಶಿರಹಟ್ಟಿಯ ಹುಡುಗಿಯ ಮೆಸೇಜು ಬಂತು: 'ಮೈ ಮದರ್ ಈಸ್ ಡೆಡ್,' ಕಾಮಾ ದಾಟಿ ಮುಂದೆ ಓದುವ ಧೈರ್ಯ ನನಗೆ ಬರಲಿಲ್ಲ.

ಫೋನು ಹಚ್ಚಿದೆ, ಎತ್ತಲಿಲ್ಲ. ಪಾಠ ನಿಲ್ಲಿಸಿ, ದಪ್ಪನೆಯದೊಂದು ಹೂವಿನ ಮಾಲೆ ಕೊಂಡು ಬಸ್ಸು ಹತ್ತಿದೆ. ಚಿಕ್ಕ ವಯಸ್ಸಿನ ಹುಡುಗಿ, ಇನ್ನು ಯಾರು ದಿಕ್ಕು ಎಂದು ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡೆ.

ಮನೆ ಮುಂದೆ ಜನವೇ ಇರಲಿಲ್ಲ. ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದಳು. ಹುಡುಗಿಯ ಹೆಸರು ಹೇಳಿ, "ಆಕಿ ಅವ್ವ..." ಎಂದು ಮಾಲೆ ಹಿಡಿದು ನಿಂತೆ.

"ನಾನ ರೀ ಆಕಿ ಅವ್ವ. ಬರ್ರಿ, ಕುಂಡ್ರಿ. ಅಷ್ಟು ದೊಡ್ಡ ಮಾಲಿ ಯಾರಿಗ್ರಿ?"

"ನಿಮಗ" ಎಂದುಬಿಟ್ಟೆ!

"ನನಗ? ನಾ ಅಂಥಾದ್ದೇನು ಮಾಡೀನ್ರಿ?"

ಅಷ್ಟರಲ್ಲಿ ಮಗಳು ಲಟ್ಟಣಿಗೆ ಹಿಡಿದುಕೊಂಡೇ ಒಳಗಿನಿಂದ ಓಡಿಬಂದಳು. ಫೋನು ಅವಳ ಮುಂದೆ ಹಿಡಿದೆ. ಕಾಮಾದ ಆಚೆ 'ಟಾಯರ್ಡ್' ಎಂದಿತ್ತು. ಮನೆ ತುಂಬ ಬೀಗರು ಬಂದು ಹೋಗಿದ್ದರಂತೆ. ಅವ್ವ ವಿಪರೀತ ದಣಿದಿದ್ದಾಳೆ ಎನ್ನಲು ಆಕೆ 'ಡೆಡ್ ಟಾಯರ್ಡ್' ಎಂದು ಬರೆಯಹೋಗಿ, ನಡುವೆ ಕಾಮಾ ಇಟ್ಟಿದ್ದಳು.

"ಅಲ್ಲಿ ಯಾಕ ಹಾಕಿದಿ ಕಾಮಾನ?" ಎಂದು ಚೀರಿದೆ.

"ಓದುವಾಗ ಉಸಿರು ತಗೊಳ್ಳೂ ಕಡೆ ಹಾಕ್ರಿ ಅಂತ ನೀವ ಹೇಳಿದ್ರಲ್ರಿ ಮೇಡಂ. ನಾ ಅಲ್ಲೇ ಉಸಿರು ತಗೊಂಡೆ."

ವಿಷಯ ತಿಳಿದ ಅವ್ವ ಚಹಾದ ಕಪ್ಪು ಕೆಳಗಿಟ್ಟಳು. "ಅಯ್ಯ ನಿನ್ನ! ಉಸಿರು ತಗೊಂಡಾಕಿ ನೀನು, ಉಸಿರು ಹೋದಾಕಿ ನಾನೇನ?"